ಡಚ್ ಊರ ಹೆಸರುಗಳನ್ನು ಬಿಡಿಸಿ ಓದುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ನೆದರ್‌ಲ್ಯಾಂಡ್ಸ್‌ನ ನಕ್ಷೆ ಬಿಡಿಸಿ ಕೂತರೆ ಹೆಸರುಗಳ ಬಾಲ ಮೊದಲು ಕಣ್ಣಿಗೆ ಬೀಳುತ್ತದೆ. ಪಶ್ಚಿಮದಲ್ಲಿ ಆಮ್‌ಸ್ಟರ್‌ಡಾಮ್, ರಾಟರ್‌ಡಾಮ್, ಏಡಾಮ್. ಉತ್ತರದಲ್ಲಿ ಡೊಕ್ಕಮ್, ಲೊಪ್ಪರ್ಸಮ್, ಉಲ್ರಮ್. ಪೂರ್ವದಲ್ಲಿ ಅಲ್ಮೆಲೊ, ಹೆಂಗೆಲೊ, ಎರ್ಮೆಲೊ. ಊರು ಕಟ್ಟಿದವರ ಕಾಲಕ್ಕೆ ಅಲ್ಲಿನ ನೆಲ ಹೇಗಿತ್ತು, ಮರಳೋ ಜೌಗೋ ಕಾಡೋ ಹೊಳೆ ದಾಟುವ ಜಾಗವೋ ಎಂಬುದನ್ನು ಹೇಳುವುದು ಈ ಬಾಲಗಳೇ. ಆ ದೇಶದಲ್ಲಿ ಕೆರೆಗಳನ್ನು ಬತ್ತಿಸಿದ್ದಾರೆ, ಜೌಗನ್ನು ಅಗೆದು ಸುಟ್ಟಿದ್ದಾರೆ, ಕಾಡು ಕಡಿದಿದ್ದಾರೆ, ಸಮುದ್ರವನ್ನೇ ಹಿಂದೆ ತಳ್ಳಿದ್ದಾರೆ. ಹಳೆಯ ನೆಲ ಎಷ್ಟೋ ಕಡೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ.

ಕೆರೆ, ಕಟ್ಟೆ, ಕೊಪ್ಪ, ಹಳ್ಳಿ ಎಂದು ಮುಗಿಯುವ ಹೆಸರುಗಳ ನಡುವೆ ಬೆಳೆದ ನಮಗೆ ಈ ರೀತಿ ಹೊಸದಲ್ಲ. ಕೆಲಸಕ್ಕೆಂದು ಆಮ್‌ಸ್ಟೆಲ್‌ವೇನ್, ಐಂಡ್‌ಹೋವನ್ ಕಡೆ ನೆಲೆಸಿರುವ ಕನ್ನಡಿಗರಂತೂ ಟ್ರಾಮಿನ ಫಲಕದಲ್ಲಿ, ರೈಲಿನ ಪ್ರಕಟಣೆಯಲ್ಲಿ ದಿನವೂ ಇವನ್ನು ಕೇಳುತ್ತಿರುತ್ತಾರೆ. ಅವರಿಗೂ, ನಕ್ಷೆ ನೋಡುವ ಚಪಲ ಇರುವ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ಒಂದು ಕ್ರಮವನ್ನು ವಿವರಿಸಿದ್ದೇನೆ. ಡಚ್ ಭಾಷೆ ಬರಬೇಕೆಂದಿಲ್ಲ, ಮೂವತ್ತು ನಲವತ್ತು ತುಣುಕುಗಳ ಪರಿಚಯವಾದರೆ ಅರ್ಧ ದೇಶ ಓದಬಹುದು.

ಮೊದಲು ಎರಡು ಸಲಕರಣೆ ಸಿದ್ಧ ಮಾಡಿಕೊಳ್ಳಿ, ಎರಡೂ ಇಂಟರ್‌ನೆಟ್‌ನಲ್ಲಿ ಉಚಿತ. ಒಂದು, ಅಲ್ಲಿನ ಭೂದಾಖಲೆ ಇಲಾಖೆಯ ‘ಟೋಪೋಟೈಡ್‌ರೈಸ್’. ಸುಮಾರು 200 ವರ್ಷಗಳ ನಕ್ಷೆಗಳನ್ನು ಒಂದೇ ಜಾಗದ ಮೇಲೆ ಹಿಂದೆ ಮುಂದೆ ಸರಿಸಿ ನೋಡಬಹುದು. ಇನ್ನೊಂದು, ಎಎಚ್‌ಎನ್ ಎಂಬ ಎತ್ತರದ ನಕ್ಷೆ. ನಮ್ಮ ಕಣ್ಣಿಗೆ ಚಪ್ಪಟೆಯಾಗಿ ಕಾಣುವ ದೇಶದಲ್ಲಿ ಒಂದೆರಡು ಮೀಟರಿನ ಏರಿಳಿತವೇ ಊರಿನ ಹಣೆಬರಹ ಬರೆದಿರುತ್ತದೆ. ಅದು ಇದರಲ್ಲಿ ಬಣ್ಣಬಣ್ಣವಾಗಿ ಎದ್ದು ಕಾಣುತ್ತದೆ.

ಹಂತ 1: ಮುಂದಿನ ಚೂರುಗಳನ್ನು ಕಳಚಿ

ಕೆಲವು ಹೆಸರುಗಳ ಆರಂಭದಲ್ಲಿ ಒಂದು ಅಲ್ಪವಿರಾಮದಂಥ ಚಿಹ್ನೆ, ಅದರ ಹಿಂದೆ ಒಂಟಿ ‘ಸ್’ ಇರುತ್ತದೆ. ಅದು ಹಳೆಯ ಡಚ್ಚಿನ ಷಷ್ಠಿ ವಿಭಕ್ತಿಯ ಅವಶೇಷ, ಕನ್ನಡದ ‘-ನ’, ‘-ಯ’ ಪ್ರತ್ಯಯಗಳ ಅರ್ಥ ಕೊಡುತ್ತದೆ. ಹೇಗ್ ನಗರದ ಪೂರ್ಣ ಹೆಸರು ಸ್-ಗ್ರಾವನ್‌ಹಾಗೆ. ‘ಗ್ರಾಫ್’ ಎಂದರೆ ಕೌಂಟ್ ಪದವಿಯ ದೊರೆ, ‘ಹಾಗೆ’ ಎಂದರೆ ಬೇಲಿ ಹಾಕಿದ ತೋಪು. ದೊರೆಯ ಬೇಲಿತೋಪು ಬಾಯಲ್ಲಿ ಸವೆದು ಡೆನ್ ಹಾಗ್ ಆಗಿದೆ. ಸ್-ಹೆರ್ಟೋಗನ್‌ಬಾಸ್ ಅಂದರೆ ಡ್ಯೂಕನ ಕಾಡು. ಜನ ಡೆನ್ ಬಾಸ್ ಎಂದಷ್ಟೇ ಹೇಳುತ್ತಾರೆ, ರೈಲು ನಿಲ್ದಾಣದ ಫಲಕ ಮಾತ್ರ ಪೂರ್ತಿ ಬರೆಯುತ್ತದೆ. ಫ್ರೆಂಚರು ಈ ಊರನ್ನು ಬ್ವಾ-ಲ-ಡ್ಯೂಕ್ ಎಂದು ಅರ್ಥಸಹಿತ ತಮ್ಮ ಭಾಷೆಗೆ ಒಯ್ದರು.

‘ಡೆನ್’, ‘ಟೆನ್’, ‘ಟೆರ್’ ಇವೂ ಇಂಥ ವ್ಯಾಕರಣದ ಚೂರುಗಳೇ. ‘ಆನ್’, ‘ಆಪ್’, ‘ಬೈ’ ಎಂದು ನಡುವೆ ಬಂದರೆ ಕ್ರಮವಾಗಿ ದಡದಲ್ಲಿ, ಮೇಲೆ, ಹತ್ತಿರ. ಇವನ್ನೆಲ್ಲ ಪಕ್ಕಕ್ಕಿಟ್ಟು ಉಳಿದ ಹೆಸರನ್ನು ಮಾತ್ರ ಕೈಗೆತ್ತಿಕೊಳ್ಳಿ.

ಹಂತ 2: ಬಾಲದಿಂದ ಓದಲು ಶುರುಮಾಡಿ

ಇಲ್ಲಿ ಆತುರ ಬೇಡ, ಅರ್ಧ ಕೆಲಸ ಇರುವುದು ಇಲ್ಲೇ.

‘ಡಾಮ್’ ಎಲ್ಲಕ್ಕಿಂತ ಸುಲಭ. ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ರಾಟೆ ಹೊಳೆಯ ಒಡ್ಡು ರಾಟರ್‌ಡಾಮ್, ಝಾನ್ ಹೊಳೆಯದು ಝಾನ್‌ಡಾಮ್, ಸ್ಖೀ ಹೊಳೆಯದು ಸ್ಖೀಡಾಮ್. ಆಮ್‌ಸ್ಟೆಲ್ ಹೊಳೆಯ ಒಡ್ಡಿನ ಬಳಿ ವಾಸವಿದ್ದ ಜನಕ್ಕೆ 1275ರಲ್ಲಿ ಕೌಂಟ್ ಐದನೆಯ ಫ್ಲೋರಿಸ್ ಸುಂಕ ಮಾಫಿ ಮಾಡಿದ. ಆ ಪತ್ರದಲ್ಲಿ ಊರಿನ ಹೆಸರು ‘ಆಮೆಸ್ಟೆಲ್ಲೆಡಾಮ್ಮೆ’. ರಾಟರ್‌ಡಾಮ್‌ನ ಒಡ್ಡೂ ಸುಮಾರು 1270ರದು. ಇಷ್ಟೊಂದು ಒಡ್ಡಿನ ಊರುಗಳು ಒಂದೇ ಕಾಲಕ್ಕೆ ಹುಟ್ಟಿದ್ದು ಕಾಕತಾಳೀಯವಲ್ಲ. ಅದರ ಕಾರಣ ಜೌಗುನೆಲದ ಕತೆಯಲ್ಲಿದೆ.

‘ವೇನ್’ ಎಂದರೆ ಪೀಟ್. ಅರೆಕೊಳೆತ ಗಿಡಗಂಟಿ ಸಾವಿರಾರು ವರ್ಷ ನೀರಿನಡಿ ಒತ್ತಿಕೊಂಡು ಆದ ಕಪ್ಪು, ಮೆತ್ತನೆಯ ನೆಲ. ಅಗೆದು ಒಣಗಿಸಿದರೆ ಸೌದೆಯಂತೆ ಉರಿಯುತ್ತದೆ. ಹೋಗೆವೇನ್ (ಎತ್ತರದ ಪೀಟ್), ಹೇರನ್‌ವೇನ್ (ಒಡೆಯರ ಪೀಟ್), ಆಮ್‌ಸ್ಟೆಲ್‌ವೇನ್ (ಆಮ್‌ಸ್ಟೆಲ್ ದಡದ ಪೀಟ್). ಹೇರನ್‌ವೇನ್ ಶುರುವಾದದ್ದು 1551ರಲ್ಲಿ, ಪೀಟ್ ಅಗೆದು ಮಾರಲು ಒಂದಾದ ಸಿರಿವಂತರ ಕಂಪನಿಯಿಂದ. ಆ ಒಡೆಯರು ಇವರೇ. ಡ್ರೆಂಥೆ ಪ್ರಾಂತ್ಯದ ಕ್ಲಾಸೀನಾವೇನ್‌ಗೆ ಪೀಟ್ ಉದ್ಯಮಿಯೊಬ್ಬರ ಹೆಂಡತಿಯ ಹೆಸರು ಇಟ್ಟರು.

ಪಶ್ಚಿಮದಲ್ಲಿ ಪೀಟನ್ನು ಮೊದಲು ಅಗೆದದ್ದು ಸೌದೆಗಲ್ಲ, ಸಾಗುವಳಿಗೆ. 11ರಿಂದ 13ನೇ ಶತಮಾನದ ತನಕ ಹಾಲೆಂಡಿನ ಕೌಂಟರೂ ಉಟ್ರೆಖ್ಟ್‌ನ ಬಿಷಪ್ಪರೂ ಜೌಗನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ರೈತರಿಗೆ ಕೊಟ್ಟರು. ಈ ಕರಾರಿನ ಹೆಸರು ‘ಕೋಪೆ’, ಅಂದರೆ ಖರೀದಿ. ಬಾಸ್ಕೋಪ್, ನ್ಯೂಕೋಪ್‌ಗಳ ಬಾಲದಲ್ಲಿ ಇರುವುದು ಅದೇ. ರೈತರು ಕಾಲುವೆ ತೋಡಿ ನೀರು ಬಸಿದರು. ಬಸಿದ ಪೀಟ್ ಗಾಳಿಗೆ ಕರಗಿ, ಒಣಗಿ, ಕುಸಿಯತೊಡಗಿತು. ಎತ್ತರದಲ್ಲಿದ್ದ ಹೊಲ ಕ್ರಮೇಣ ಹೊಳೆಗಿಂತ ಕೆಳಗಿಳಿಯಿತು, ಸಮುದ್ರದ ನೀರು ಹೊಳೆಯ ಮೂಲಕ ಒಳನುಗ್ಗಿತು, ಹೊಳೆಬಾಯಿಗೆ ಒಡ್ಡು ಬೇಕಾಯಿತು. ‘ಕೋಪ್’ ಊರುಗಳು ಮೊದಲು, ‘ಡಾಮ್’ ಊರುಗಳು ಆಮೇಲೆ ಬಂದದ್ದರ ಹಿಂದಿನ ತರ್ಕ ಇದು.

ಈ ಸಾಗುವಳಿ ಊರುಗಳಿಗೆ ಹೆಸರಿಡುವಾಗ ಸ್ವಲ್ಪ ಜಂಬವೂ ಇತ್ತೆನ್ನಿ. ಉಟ್ರೆಖ್ಟ್ ಪಕ್ಕದ ಕಾಮೆರಿಕ್ ಹೆಸರನ್ನು ಫ್ರಾನ್ಸಿನ ಕಾಂಬ್ರೆಯಿಂದ, ಡೆಮ್ಮೆರಿಕ್ ಅನ್ನು ಡೆನ್ಮಾರ್ಕ್‌ನಿಂದ, ಸ್ಪೆಂಗೆನ್ ಅನ್ನು ಸ್ಪೇನಿನಿಂದ ತಂದದ್ದೆಂದು ವಿದ್ವಾಂಸರು ವಿವರಿಸುತ್ತಾರೆ. ಕಾಕೆಂಗೆನ್ ಬಂದಿರುವುದು ಕೊಕೇನ್ ಎಂಬ ಕಲ್ಪನೆಯ ನಾಡಿನಿಂದ. ಮಧ್ಯಯುಗದ ಯುರೋಪಿನಲ್ಲಿ ಅದು ದುಡಿಯದೆ ಹೊಟ್ಟೆತುಂಬ ಉಣ್ಣುವ ದೇಶ. ಮೊಣಕಾಲುದ್ದ ಕೆಸರಿಗೆ ರೈತರನ್ನು ಸೆಳೆಯಲು ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗಲಾರದು.

ಒಣನೆಲದ ಬಾಲಗಳು ಬೇರೆ. ‘ಗೇಸ್ಟ್’ ಎಂದರೆ ಕರಾವಳಿಗೆ ಸಮಾನಾಂತರ ಇರುವ ಮರಳುದಿಣ್ಣೆ: ಔಟ್‌ಗೇಸ್ಟ್, ಊಖ್ಸ್ಟ್‌ಗೇಸ್ಟ್. ‘ಹಾರ್ಸ್ಟ್’ ಪೊದೆ ಬೆಳೆದ ದಿಬ್ಬ. ‘ಲೊ’ ಕಾಡು ಅಥವಾ ಕಾಡಿನೊಳಗಣ ಬಯಲು: ವೆನ್‌ಲೊ, ಅಲ್ಮೆಲೊ. ಗಡಿಯಾಚೆ ಬೆಲ್ಜಿಯಮ್‌ನ ವಾಟರ್‌ಲೂ ಇದೇ ಬಳಗದ್ದು. ‘ಹೌಟ್’ ಮರ, ಕಾಡು. ‘ರಾಡೆ’, ‘ರೋಡೆ’ ಕಾಡು ಕಡಿದು ತೆರವು ಮಾಡಿದ ಜಾಗ. ಕೆರ್ಕ್‌ರಾಡೆ ಅಂದರೆ ಚರ್ಚಿನ ತೆರವು. ‘ಬೆರ್ಗ್’ ಎಂದು ಬಂದರೆ ಬೆಟ್ಟ ಹುಡುಕಲು ಹೋಗಬೇಡಿ. ಯುರೋಪಿನ ನೆದರ್‌ಲ್ಯಾಂಡ್ಸ್‌ನ ಅತಿ ಎತ್ತರದ ವಾಲ್ಸರ್‌ಬೆರ್ಗ್ 322 ಮೀಟರು. ಮಿಕ್ಕ ಕಡೆ ನಾಲ್ಕು ಮೆಟ್ಟಿಲಿನಷ್ಟು ಎತ್ತರವಿದ್ದರೂ ಅವರಿಗೆ ಬೆರ್ಗ್.

ಉತ್ತರದ ಫ್ರೀಸ್‌ಲ್ಯಾಂಡ್, ಗ್ರೋನಿಂಗನ್ ಕರಾವಳಿಯಲ್ಲಿ ‘ಟೆರ್ಪ್’, ‘ವರ್ಡ್’, ‘ವಿಯರ್ಡೆ’ ಕಾಣಿಸುತ್ತವೆ. ಎಲ್ಲವೂ ಮನುಷ್ಯರೇ ಮಣ್ಣು, ಸಗಣಿ, ಕಸ ಪೇರಿಸಿ ಎಬ್ಬಿಸಿದ ದಿಬ್ಬಗಳು. ಏರಿಗಳಿಲ್ಲದ ಕಾಲದಲ್ಲಿ ಉಬ್ಬರ ಬಂದಾಗ ಊರು ದ್ವೀಪವಾಗುತ್ತಿತ್ತು. ಒಂದನೇ ಶತಮಾನದಲ್ಲಿ ರೋಮಿನ ಹಿರಿಯ ಪ್ಲಿನಿ ಈ ದಿಬ್ಬವಾಸಿಗಳ ಬಗ್ಗೆ ಬರೆದಿದ್ದಾನೆ. ಪೀಟ್ ಸುಡುವ ಅವರನ್ನು ಕಂಡು, ಮಣ್ಣು ಉರಿಸಿ ಚಳಿ ಕಾಯಿಸುವ ಜನ ಎಂದು ಮರುಗಿದ. ಹೆಗೆಬೈಂಟಮ್‌ನ ದಿಬ್ಬ ಇವುಗಳಲ್ಲೆಲ್ಲ ಎತ್ತರ, ಸಮುದ್ರಮಟ್ಟದಿಂದ ಸುಮಾರು 8.8 ಮೀಟರು. ಅದರ ನೆತ್ತಿಯ ಮೇಲೆ ಈಗ ಚರ್ಚು ಇದೆ.

ಇನ್ನು ‘ಹೇಮ್’, ಅಂದರೆ ಮನೆ, ನೆಲೆ. ಇದು ಸವೆದ ಬಗೆ ನೋಡಿ. ಆರ್ನ್‌ಹೆಮ್‌ನಲ್ಲಿ ‘ಹೆಮ್’ ಆಗಿ ಉಳಿಯಿತು, ಹಾರ್ಲೆಮ್‌ನಲ್ಲಿ ‘ಎಮ್’, ಹಿಲ್ವರ್ಸಮ್‌ನಲ್ಲಿ ಬರೀ ‘ಅಮ್’. ನಕ್ಷೆಯಲ್ಲಿ ಖೋರಿಂಖೆಮ್ ಎಂದು ಬರೆದಿರುವ ಊರನ್ನು ಅಲ್ಲಿನವರು ಖೋರ್ಕಮ್ ಎನ್ನುತ್ತಾರೆ, ಬರಹ ನಂಬಿ ಟಿಕೆಟ್ ಕೇಳಿದರೆ ಹೊರಗಿನವರೆಂದು ಗೊತ್ತಾಗಿಬಿಡುತ್ತದೆ. ‘ಇಂಗೆನ್’ ಎಂದರೆ ಇಂಥವನ ಜನ, ಇಂಥ ಕಡೆಯವರು. ‘ಹೋವನ್’ ತೋಟದಮನೆಗಳು, ಐಂಡ್‌ಹೋವನ್ ಎಂದರೆ ಕೊನೆಯ ತೋಟದಮನೆಗಳು. ‘ಡಾರ್ಪ್’, ‘ಹೌಝನ್’, ‘ಕೆರ್ಕ್’, ‘ಡೈಕ್’ ಕ್ರಮವಾಗಿ ಹಳ್ಳಿ, ಮನೆಗಳು, ಚರ್ಚು, ಏರಿ. ಇವುಗಳಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇಲ್ಲ.

ಹಂತ 3: ತಲೆಯಲ್ಲಿ ನೀರನ್ನು ಹುಡುಕಿ

ಬಾಲ ತಿಳಿದ ಮೇಲೆ ಮುಂದಿನ ಅರ್ಧಕ್ಕೆ ಬನ್ನಿ. ಅಲ್ಲಿ ಹೊಳೆಯ ಹೆಸರಿದೆಯೇ ಎಂಬುದನ್ನೇ ಮೊದಲು ಕೇಳಿಕೊಳ್ಳಿ. ‘ಆ’, ‘ಏ’, ‘ಐ’ ಈ ಒಂದಕ್ಷರದ ಹೆಸರುಗಳೆಲ್ಲ ನೀರು ಎಂಬರ್ಥದ ಒಂದೇ ಹಳೆಯ ಮಾತಿನ ಮರಿಗಳು. ಬ್ರೇಡಾ ಎಂದರೆ ಅಗಲವಾದ ಆ. ಏಡಾಮ್ ಎಂದರೆ ಏ ಹೊಳೆಯ ಒಡ್ಡು. ಐಮೌಡನ್ ಎಂದರೆ ಐ ನೀರಿನ ಬಾಯಿ. ಈ ‘ಐ’ಯನ್ನು ರೋಮನ್ ಲಿಪಿಯಲ್ಲಿ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ, ಹೆಸರಿನ ಆರಂಭದಲ್ಲಿ ಎರಡನ್ನೂ ದೊಡ್ಡಕ್ಷರ ಮಾಡುತ್ತಾರೆ. ನಕ್ಷೆಯಲ್ಲಿ ಅದನ್ನು ಕಂಡು ಅಚ್ಚಿನ ತಪ್ಪೆಂದುಕೊಳ್ಳಬೇಡಿ.

ಹೊಳೆ ದಾಟುವ ಜಾಗಗಳು ಹೆಸರಾಗಿ ಉಳಿದಷ್ಟು ಬೇರೇನೂ ಉಳಿದಿಲ್ಲವೇನೋ. ‘ಫೋರ್ಟ್’, ‘ವೋರ್ಡನ್’ ಎಂದರೆ ಕಾಲ್ನಡಿಗೆಯಲ್ಲಿ ದಾಟಬಹುದಾದ ಹಾಯ್ಗಡ. ಆಮರ್ಸ್‌ಫೋರ್ಟ್ ಎಂದರೆ ಏಮ್ ಹೊಳೆಯ ಹಳೆಯ ಹೆಸರಾದ ಆಮರ್‌ನ ಹಾಯ್ಗಡ. ಕೂವೋರ್ಡನ್ ಎಂದರೆ ದನ ದಾಟುವ ಹಾಯ್ಗಡ. ರೈನ್ ನದಿ ರೋಮನ್ ಸಾಮ್ರಾಜ್ಯದ ಗಡಿಯಾಗಿದ್ದಾಗ ದಡದ ಕೋಟೆಯೊಂದನ್ನು ಅವರು ಟ್ರಾಯೆಕ್ಟಮ್, ದಾಟುವ ಜಾಗ, ಎಂದು ಕರೆದರು. ಅದೇ ಉಟ್ರೆಖ್ಟ್. ಮಾಸ್ ನದಿಯ ಮೇಲೆ ಇನ್ನೊಂದು ಟ್ರಾಯೆಕ್ಟಮ್ ಇತ್ತು, ಅದು ಮಾಸ್ಟ್ರಿಖ್ಟ್. ಎರಡಕ್ಕೂ ಗೊಂದಲವಾಗದಿರಲೆಂದು ಹೊಳೆಯ ಕೆಳಭಾಗದಲ್ಲಿರುವ ಮೊದಲನೆಯದಕ್ಕೆ ‘ಉಟ್’ ಸೇರಿಕೊಂಡಿತು. ಡಾರ್ಡ್ರೆಖ್ಟ್, ಪಾಪೆಂಡ್ರೆಖ್ಟ್‌ಗಳ ‘ಡ್ರೆಖ್ಟ್’ ಕೂಡ ಇದೇ ಲ್ಯಾಟಿನ್ ಮಾತೋ, ದೋಣಿ ಎಳೆದು ಸಾಗಿಸುವುದಕ್ಕಿದ್ದ ಸ್ಥಳೀಯ ಮಾತೋ ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ.

ನೀರು ಸಿಗದಿದ್ದರೆ ಯಾರ ಜಾಗ ಎಂದು ಕೇಳಿ. ಮಾನಿಕೆಂಡಾಮ್ ಸನ್ಯಾಸಿಗಳ ಒಡ್ಡು. ಸ್ಖೀರ್‌ಮಾನಿಕೋಖ್ ದ್ವೀಪದ ಹೆಸರಿನಲ್ಲಿ ಮೂರು ತುಂಡುಗಳಿವೆ: ಬೂದುಬಣ್ಣ, ಸನ್ಯಾಸಿ, ದ್ವೀಪ. ಬೂದುನಿಲುವಂಗಿಯ ಸಿಸ್ಟರ್ಷಿಯನ್ ಸಂಘದವರು ಅಲ್ಲಿ ಬೇಸಾಯ ಮಾಡುತ್ತಿದ್ದರು. ಯಾರೂ ಸಿಗದಿದ್ದರೆ ದಿಕ್ಕು ನೋಡಿ. ಝುಟ್‌ಫೆನ್ ಎಂದರೆ ದಕ್ಷಿಣದ ವೇನ್.

ಹಂತ 4: ಊರು ಯಾವ ಸೀಮೆಯಲ್ಲಿದೆ ಎಂದು ನೋಡಿ

ಬಾಲಗಳ ಪಟ್ಟಿಯನ್ನು ಬಾಯಿಪಾಠ ಮಾಡಿದವರು ಎಡವುವ ಜಾಗ ಇದು. ‘ವೈಕ್’ ತೆಗೆದುಕೊಳ್ಳಿ. ಕಾಟ್‌ವೈಕ್, ನೋರ್ಡ್‌ವೈಕ್, ರೈಸ್‌ವೈಕ್‌ಗಳಲ್ಲಿ ಅದು ಲ್ಯಾಟಿನ್ನಿನ ‘ವೀಕುಸ್’, ಅಂದರೆ ಕೇರಿ, ವಸತಿ. ಆದರೆ ಪೂರ್ವ, ಈಶಾನ್ಯದ ಪೀಟ್ ಸೀಮೆಯಲ್ಲಿ ವೈಕ್ ಎಂದರೆ ಪೀಟ್ ಸಾಗಿಸಲು ತೋಡಿದ ಅಡ್ಡಗಾಲುವೆ. ವೆಸ್ಟರ್‌ಹಾರ್-ವ್ರೀಸನ್‌ವೇನ್ಸೆವೈಕ್ ಎಂಬ ಹಳ್ಳಿಯಲ್ಲಿ ಇರುವುದು ಈ ವೈಕ್. ‘ಮಾಂಡ್’ ಕೂಡ ಹೀಗೆಯೇ. ರೂರ್‌ಮಾಂಡ್ ಎಂದರೆ ರೂರ್ ನದಿ ಮಾಸ್ ಸೇರುವ ಬಾಯಿ. ಡ್ರೆಂಥೆಯಲ್ಲಿ ಮಾಂಡ್ ಎಂದರೆ ಕಾಲುವೆ ಇನ್ನೊಂದು ಕಾಲುವೆಗೆ ಸೇರುವ ಬಾಯಿ.

ಈಗ ದೇಶದ ಅತಿ ಉದ್ದದ ಹೆಸರುಗಳಲ್ಲೊಂದನ್ನು ಬಿಡಿಸಿ ನೋಡೋಣ: ಖಾಸೆಲ್ಟರ್‌ನೈವೇನ್ಸೆಮಾಂಡ್. ಉಸಿರು ಹಿಡಿದು ಬಾಲದಿಂದ ಬನ್ನಿ. ಮಾಂಡ್, ಕಾಲುವೆಬಾಯಿ. ಅದರ ಹಿಂದಿನ ‘ಸೆ’, ಸಂಬಂಧ ಸೂಚಿಸುವ ಪ್ರತ್ಯಯ. ‘ವೇನ್’, ಪೀಟ್. ‘ನೈ’, ಹೊಸ. ಉಳಿದದ್ದು ಖಾಸೆಲ್ಟೆ ಎಂಬ ಹಳೆಯ ಹಳ್ಳಿ. ಖಾಸೆಲ್ಟೆಯವರು ತಮ್ಮ ಪಕ್ಕದ ಪೀಟ್ ಅಗೆಯಲು ಶುರುಮಾಡಿದಾಗ ಖಾಸೆಲ್ಟರ್‌ನೈವೇನ್ ಹುಟ್ಟಿತು, ಅದರ ಕಾಲುವೆ ಸೇರುವ ಜಾಗದಲ್ಲಿ ಮೂರನೆಯ ಊರು ಎದ್ದಿತು. ಮರಳುದಿಣ್ಣೆ, ಪೀಟ್ ಅಂಚು, ಕಾಲುವೆ ಎಂಬ ಮೂರು ತಲೆಮಾರಿನ ವಲಸೆ ಇಲ್ಲಿ ಒಂದು ಪದದೊಳಗೆ ಸಿಕ್ಕಿಕೊಂಡಿದೆ. ಎತ್ತರದ ನಕ್ಷೆಯಲ್ಲಿ ಮೂರನ್ನೂ ಸಾಲಾಗಿ ನೋಡಿ.

ತಿರುಗಾಮುರುಗ ಕೂಡ ಉಂಟು, ಅಂದರೆ ಒಂದೇ ವಸ್ತುವಿಗೆ ಸೀಮೆಗೊಂದು ಮಾತು. ಏರಿಯಲ್ಲಿ ನೀರು ಬಿಡುವ ತೂಬಿಗೆ ಪಶ್ಚಿಮದವರು ‘ಸ್ಲೌಸ್’ ಎಂದರು, ಮಾಸ್‌ಸ್ಲೌಸ್ ಆಯಿತು. ಉತ್ತರದವರು ‘ಝೈಲ್’ ಎಂದರು, ಡೆಲ್ಫ್‌ಝೈಲ್ ಆಯಿತು. ಫ್ರೀಸ್‌ಲ್ಯಾಂಡಿನಲ್ಲಿ ಊರಿಗೆ ಎರಡೆರಡು ಹೆಸರೇ ಇವೆ: ಡಚ್ಚಿನ ಲೇವಾರ್ಡನ್, ಫ್ರೀಸಿಯನ್ ಭಾಷೆಯ ಲ್ಯೌವರ್ಟ್. ಪ್ರಾಂತ್ಯದ ಅಧಿಕೃತ ಹೆಸರು 1997ರಿಂದ ಫ್ರೀಸ್ಲಾನ್ ಎಂಬ ಫ್ರೀಸಿಯನ್ ರೂಪ.

ಹಂತ 5: ಅತ್ಯಂತ ಹಳೆಯ ಕಾಗುಣಿತ ಹುಡುಕಿ

ಇಂದಿನ ನಿಘಂಟಿನಿಂದ ಹಳೆಯ ಹೆಸರಿಗೆ ಅರ್ಥ ಹಚ್ಚುವುದು ಅಪಾಯ. ಇಂದಿನ ಡಚ್ಚಿನಲ್ಲಿ ‘ಗೇಸ್ಟ್’ ಎಂದರೆ ಚೇತನ, ದೆವ್ವ. ಆ ಲೆಕ್ಕದಲ್ಲಿ ಊಖ್ಸ್ಟ್‌ಗೇಸ್ಟ್ ದೆವ್ವದ ಊರಾಗಬೇಕಿತ್ತು. ಮಧ್ಯಯುಗದ ಆಸ್ತಿಪಟ್ಟಿಯಲ್ಲಿ ಅದು ‘ಓಸ್ಗೆರೆಸ್ಗೆಸ್ಟ್’, ಓಸ್ಗೆರ್ ಎಂಬವನ ಮರಳುದಿಣ್ಣೆ. ಹಾರ್ಲೆಮ್ ಇಂದಿನ ರೂಪದಲ್ಲಿ ಬಾಯೇ ಬಿಡುವುದಿಲ್ಲ. ‘ಹಾರ್-ಲೊ-ಹೇಮ್’ ಎಂಬ ಹಳೆಯ ರೂಪಕ್ಕೆ ಬಿಚ್ಚಿದರೆ ಮರಳದಿಬ್ಬ, ಕಾಡು, ನೆಲೆ ಮೂರೂ ಹೊರಬರುತ್ತವೆ: ಕಾಡು ಬೆಳೆದ ಮರಳದಿಬ್ಬದ ಮೇಲಿನ ಮನೆ.

ಊರಿನ ಬಗೆಗಿನ ಒಳ್ಳೆಯ ಬರಹಗಳು ಮೊದಲ ದಾಖಲೆಯ ವರ್ಷ ಮತ್ತು ಆಗಿನ ರೂಪ ಎರಡನ್ನೂ ಕೊಟ್ಟಿರುತ್ತವೆ. ವರ್ಷ ಕೊಡದೆ ಬರೀ ಅರ್ಥ ಹೇಳುವ ಬರಹವನ್ನು ನಾನು ನಂಬುವುದಿಲ್ಲ. ಹಳೆಯ ರೂಪಗಳು ಎರಡು ಮೂರಿದ್ದರೆ ಎಲ್ಲವನ್ನೂ ವರ್ಷದ ಕ್ರಮದಲ್ಲಿ ಬರೆದುಕೊಳ್ಳಿ. ಯಾವ ಅಕ್ಷರ ಯಾವಾಗ ಉದುರಿತು ಎಂದು ಗೊತ್ತಾದರೆ ಪಕ್ಕದ ಹತ್ತು ಹೆಸರುಗಳಿಗೂ ಅದೇ ಕೀಲಿ ಹೊಂದುತ್ತದೆ.

ಹಂತ 6: ಸೊಗಸಾದ ಕತೆ ಕೇಳಿದರೆ ಅನುಮಾನಿಸಿ

ಲೈಡನ್ ವಿಶ್ವವಿದ್ಯಾಲಯ 1575ರಲ್ಲಿ ಹುಟ್ಟಿತು. ಆಗಿನ ಲ್ಯಾಟಿನ್ ಪಂಡಿತರು ತಮ್ಮ ಊರಿಗೆ ರೋಮನ್ ವಂಶಾವಳಿ ಬೇಕೆಂದು ಲುಗ್ಡೂನುಮ್ ಎಂಬ ರೋಮನ್ ಠಾಣೆಯೇ ಲೈಡನ್ ಎಂದರು. ನಿಜವಾದ ಲುಗ್ಡೂನುಮ್ ಸಮುದ್ರತೀರದ ಕಾಟ್‌ವೈಕ್ ಬಳಿ ಇತ್ತು. ಲೈಡನ್ ಬಂದದ್ದು ‘ಲೈಥೊನ್’ ಎಂಬ ಬೇರೆಯೇ ಹೆಸರಿನಿಂದ. ಆದರೂ ವಿಶ್ವವಿದ್ಯಾಲಯದ ಲ್ಯಾಟಿನ್ ಹೆಸರಿನಲ್ಲಿ ಲುಗ್ಡೂನುಮ್ ಹಾಗೇ ಕೂತಿದೆ. ಪಂಡಿತರ ತಪ್ಪುಗಳು ಪಾಮರರವಕ್ಕಿಂತ ದೀರ್ಘಾಯುಷಿಗಳು.

ಸ್ಖಿಪೋಲ್ ವಿಮಾನ ನಿಲ್ದಾಣದ್ದು ಇನ್ನೂ ಸ್ವಾರಸ್ಯ. ಹಾರ್ಲೆಮರ್‌ಮೇರ್ ಎಂಬ ವಿಶಾಲ ಸರೋವರವನ್ನು 1849ರಿಂದ 1852ರೊಳಗೆ ಮೂರು ಉಗಿಯಂತ್ರ ಸ್ಥಾವರಗಳಿಂದ ಬತ್ತಿಸಿ, ಅದರ ತಳದ ಮೇಲೆ ಮುಂದೆ ವಿಮಾನ ನಿಲ್ದಾಣ ಮಾಡಿದರು. ಬಿರುಗಾಳಿಗೆ ಹಡಗುಗಳು ಮುಳುಗುತ್ತಿದ್ದ ಮೂಲೆ, ಹಡಗಿನ ಗುಂಡಿ, ಅದಕ್ಕೇ ಸ್ಖಿಪೋಲ್ ಎನ್ನುವುದು ಪ್ರವಾಸಿಗಳಿಗೆ ಹೇಳುವ ಕತೆ. ಆದರೆ ಹೆಸರು 1447ರ ದಾಖಲೆಯಲ್ಲೇ ಇದೆ, ಸರೋವರ ದಡ ಕೊರೆದು ಅಷ್ಟು ದೊಡ್ಡದಾಗುವುದಕ್ಕೆ ಮುಂಚೆ. ಆದ್ದರಿಂದ ತಗ್ಗಿನ ಕಟ್ಟಿಗೆಜಾಗ ಎಂಬಂಥ ವಿವರಣೆಗಳಿಗೆ ಹೆಚ್ಚು ತೂಕ.

ಕಿಂಡರ್‌ಡೈಕ್, ಮಕ್ಕಳ ಏರಿ, 1421ರ ಸೇಂಟ್ ಎಲಿಜಬೆತ್ ಪ್ರವಾಹದಲ್ಲಿ ತೊಟ್ಟಿಲೊಂದು ತೇಲಿ ಬಂತಂತೆ, ಮಗುಚದಂತೆ ಬೆಕ್ಕು ಅತ್ತಿತ್ತ ಹಾರಿ ಸಮತೋಲ ಕಾಯ್ದಿತಂತೆ. ಕತೆ ಮುದ್ದಾಗಿದೆ, ಮೊಮ್ಮಕ್ಕಳಿಗೆ ಹೇಳಿ, ಟಿಪ್ಪಣಿಪುಸ್ತಕದಲ್ಲಿ ಬರೆದುಕೊಳ್ಳಬೇಡಿ. ಲೇವಾರ್ಡನ್‌ನ ಲಾಂಛನದಲ್ಲಿ ಸಿಂಹವಿದೆ, ಏಕೆಂದರೆ ಹೆಸರಿನ ಮೊದಲರ್ಧ ಸಿಂಹದಂತೆ ಕೇಳಿಸುತ್ತದೆ. ಲಾಂಛನ ಬರೆದವರು ಕಿವಿಯನ್ನು ನಂಬಿದರು, ಅಷ್ಟೇ. ‘ಹಾಲೆಂಡ್’ ಎಂದರೆ ಟೊಳ್ಳುನಾಡು ಎನ್ನುವುದೂ ಇದೇ ಜಾತಿಯದು. ಹಳೆಯ ರೂಪ ‘ಹೋಲ್ಟ್‌ಲಾಂಡ್’, ಮರಗಳ ನಾಡು. ತಗ್ಗುನಾಡು ಎಂಬ ಅರ್ಥ ಇರುವುದು ‘ನೆದರ್‌ಲ್ಯಾಂಡ್ಸ್’ಗೆ. ಹಾಲೆಂಡ್ ಅದರ 12 ಪ್ರಾಂತ್ಯಗಳಲ್ಲಿ ಎರಡರ ಹೆಸರಷ್ಟೇ.

ಹಂತ 7: ಕೂತು ಆರಿಸಿದ ಹೆಸರುಗಳನ್ನು ಬೇರೆ ಕಟ್ಟಿ

20ನೇ ಶತಮಾನದ ಪೋಲ್ಡರುಗಳಲ್ಲಿ, ಅಂದರೆ ನೀರು ಬತ್ತಿಸಿ ಪಡೆದ ನೆಲದಲ್ಲಿ, ಹೆಸರು ತಾನಾಗಿ ಹುಟ್ಟಲಿಲ್ಲ. ಝೌಡರ್‌ಝೇ ಎಂಬ ಒಳಸಮುದ್ರವನ್ನು 1932ರಲ್ಲಿ ಏರಿಯಿಂದ ಮುಚ್ಚಿ, ಭಾಗಭಾಗವಾಗಿ ಒಣಗಿಸಿದಾಗ ಖಾಲಿ ನೆಲದ ಮೇಲೆ ಊರಿಗೊಂದು ಹೆಸರು ಆರಿಸಬೇಕಿತ್ತು. ಯೋಜನೆ ರೂಪಿಸಿದ ಎಂಜಿನಿಯರ್ ಕಾರ್ನೆಲಿಸ್ ಲೇಲಿಯ ನೆನಪಿಗೆ ಲೇಲಿಸ್ಟಾಡ್. 1976ರಲ್ಲಿ ಮೊದಲ ಮನೆ ಕಂಡ ಅಲ್ಮೇರೆಗೆ ಅದೇ ಜಾಗದಲ್ಲಿದ್ದ ಮಧ್ಯಯುಗದ ಸರೋವರದ ಹೆಸರು. ಎಮ್ಮೆಲೋರ್ಡ್ ಮತ್ತು ಎನ್ಸ್ ಹೆಸರುಗಳು ಸ್ಖೊಕ್‌ಲ್ಯಾಂಡ್ ದ್ವೀಪದಲ್ಲಿದ್ದ ಹಳ್ಳಿಗಳವು. ಅಲೆಗಳು ಕೊರೆದು ತಿನ್ನುತ್ತಿದ್ದ ಆ ದ್ವೀಪವನ್ನು ಸರ್ಕಾರ 1859ರಲ್ಲಿ ತೆರವು ಮಾಡಿಸಿತ್ತು. ದ್ವೀಪವೇ ಇಂದು ಹೊಲಗಳ ನಡುವಣ ದಿಬ್ಬ.

ಇಂಥ ಹೆಸರುಗಳಿಗೆ ಎರಡನೇ ಹಂತದ ಪಟ್ಟಿ ಹಚ್ಚಿದರೆ ದಾರಿ ತಪ್ಪುತ್ತದೆ. ಹೆಸರು ಹಳೆಯದು, ಊರು ಹೊಸದು. ಇದಕ್ಕೆ ವಿರುದ್ಧವಾದದ್ದು ಝೂಟರ್‌ಮೇರ್, ಸಿಹಿನೀರಿನ ಸರೋವರ. ಊರು ಅಲ್ಲೇ ಇದೆ, ಸರೋವರವನ್ನು 17ನೇ ಶತಮಾನದಲ್ಲೇ ಬತ್ತಿಸಿದ್ದಾರೆ.

ಹಂತ 8: ಹಡಗು ಹತ್ತಿದ ಹೆಸರುಗಳು

ಕೈ ಪಳಗಿದ ಮೇಲೆ ನೆದರ್‌ಲ್ಯಾಂಡ್ಸ್ ಹೊರಗಿನ ನಕ್ಷೆ ತೆಗೆಯಿರಿ. ನ್ಯೂಯಾರ್ಕ್ ಮೊದಲು ನ್ಯೂ ಆಮ್‌ಸ್ಟರ್‌ಡಾಮ್ ಆಗಿತ್ತು, 1664ರಲ್ಲಿ ಇಂಗ್ಲಿಷರ ಕೈಸೇರಿತು. ಆ ನಗರದ ಬ್ರೂಕ್ಲಿನ್‌ನ ಮೂಲ ಉಟ್ರೆಖ್ಟ್ ಪ್ರಾಂತ್ಯದ ಬ್ರ್ಯೂಕೆಲೆನ್, ಅಲ್ಲಿನ ಹಾರ್ಲೆಮ್‌ದು ಡಚ್ ಹಾರ್ಲೆಮ್, ಫ್ಲಶಿಂಗ್‌ದು ಝೇಲ್ಯಾಂಡ್‌ನ ವ್ಲಿಸಿಂಗನ್. ನ್ಯೂಝಿಲೆಂಡ್‌ಗೆ ಹೆಸರು ಕೊಟ್ಟದ್ದೂ ಅದೇ ಝೇಲ್ಯಾಂಡ್ ಪ್ರಾಂತ್ಯ, ಸಮುದ್ರನಾಡು. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಕೊಂಬಿನಂತಿದೆ ಎಂದು ಹಲವರು ತಿಳಿದಿದ್ದಾರೆ. 1616ರಲ್ಲಿ ಅದನ್ನು ಸುತ್ತಿ ಹೋದ ಹಡಗಿನವರು ಹೋರ್ನ್ ಪಟ್ಟಣದಿಂದ ಹೊರಟವರು, ತಮ್ಮೂರಿನ ಹೆಸರಿಟ್ಟರು. ಕೆನಡಾದ ವ್ಯಾಂಕೂವರ್‌ಗೆ ಹೆಸರು ಕೊಟ್ಟ ಇಂಗ್ಲಿಷ್ ಕಪ್ತಾನ ಜಾರ್ಜ್ ವ್ಯಾಂಕೂವರನ ಮನೆತನದ ಹೆಸರನ್ನು ‘ಫಾನ್ ಕೂವೋರ್ಡನ್’ನಿಂದ ಬಿಡಿಸುತ್ತಾರೆ. ಹಾಗೆ ನೋಡಿದರೆ ಪೆಸಿಫಿಕ್ ತೀರದ ಆ ಮಹಾನಗರವೂ ಮೂರನೇ ಹಂತದಲ್ಲಿ ಕಂಡ ದನದ ಹಾಯ್ಗಡವೇ.